ಆಡದವರ ಮೈಮೇಲೆ ಆಟಗಾರರ ಉಡುಪೇಕೆ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಬೇಸ್‌ಬಾಲ್ ಪಂದ್ಯ ನೋಡಿದೆ. ಅರವತ್ತು ದಾಟಿದವರೊಬ್ಬರು ಆಟಗಾರರ ಉಡುಪಿನಲ್ಲೇ ಕುಳಿತು, ಯಾರು ಆಡಬೇಕು, ಯಾರು ಹೊರಬರಬೇಕು ಎಂದು ತೀರ್ಮಾನಿಸುತ್ತಿದ್ದರು. ಮ್ಯಾನೇಜರ್ ಅಂತೆ. ಕ್ರಿಕೆಟ್‌ನಲ್ಲಿ ನಾಯಕನಿಗಿರುವ ಅಧಿಕಾರ ಇವರ ಕೈಗೆ ಹೇಗೆ ಬಂತು? ತಂಡ ನಿಜವಾಗಿ ಯಾರದು?’

ನಿಮ್ಮ ಪ್ರಶ್ನೆಯ ಬೇರು ಕ್ರಿಕೆಟ್‌ನಲ್ಲೇ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1835ರಲ್ಲಿ ಹುಟ್ಟಿದ ಹ್ಯಾರಿ ರೈಟ್ ವೃತ್ತಿಯಿಂದ ಕ್ರಿಕೆಟಿಗ. ಸಂಬಳಕ್ಕೆ ಕ್ರಿಕೆಟ್ ಆಡಲೆಂದೇ ಸಿನ್ಸಿನಾಟಿಗೆ ಬಂದವರು. 1869ರಲ್ಲಿ ಅದೇ ಊರಿನ ರೆಡ್ ಸ್ಟಾಕಿಂಗ್ಸ್ ಬೇಸ್‌ಬಾಲ್ ತಂಡ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡವಾಯಿತು. ಹ್ಯಾರಿಗೆ 1,200 ಡಾಲರ್, ತಂಡದ ತಾರೆಯಾಗಿದ್ದ ತಮ್ಮ ಜಾರ್ಜ್‌ಗೆ 1,400. ಹ್ಯಾರಿ ಮೈದಾನದ ಹೊರವಲಯದ ನಡುಭಾಗ ಕಾಯುತ್ತಿದ್ದರು, ಹುಡುಗರನ್ನು ಪಳಗಿಸುತ್ತಿದ್ದರು, ಪಂದ್ಯ ಗೊತ್ತುಮಾಡುತ್ತಿದ್ದರು, ರೈಲು ಮತ್ತು ವಸತಿಯ ಲೆಕ್ಕವನ್ನೂ ನೋಡುತ್ತಿದ್ದರು. ಆ ವರ್ಷ ತಂಡ ಒಂದೂ ಪಂದ್ಯ ಸೋಲಲಿಲ್ಲ. ಮರುವರ್ಷ ಬ್ರೂಕ್ಲಿನ್‌ನಲ್ಲಿ 8–7ರಿಂದ ಸೋತಿತು. ಜನ ಕರಗಿದರು, ಹಣವೂ ಕರಗಿತು. ಹ್ಯಾರಿ ಕೆಲವು ಆಟಗಾರರ ಜೊತೆಗೆ ತಂಡದ ಹೆಸರನ್ನೂ ಬಾಸ್ಟನ್‌ಗೆ ಒಯ್ದರು. ಇಂದಿನ ಅಟ್ಲಾಂಟಾ ಬ್ರೇವ್ಸ್ ಆ ಬಾಸ್ಟನ್ ತಂಡದ್ದೇ ಸಂತತಿ.

ಹ್ಯಾರಿಯಂತೆ ಮ್ಯಾನೇಜರ್ ಸ್ವತಃ ಆಟಗಾರನೂ ಆಗಿದ್ದ ಕಾಲದ ಗುರುತು ಆ ಉಡುಪು. ಕೆಲಸಗಳು ಬೇರೆಬೇರೆಯಾದ ಮೇಲೂ ಅದು ಉಳಿಯಿತು.

ಅದನ್ನು ತೊಡಲೊಪ್ಪದ ದೊಡ್ಡವರೆಂದರೆ ಕಾನಿ ಮ್ಯಾಕ್. 1901ರಿಂದ 1950ರವರೆಗೆ, ಐವತ್ತು ಋತು, ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಸೂಟು ಧರಿಸಿಯೇ ನಡೆಸಿದರು. ಕೈಯಲ್ಲಿದ್ದ ಸ್ಕೋರ್ ಪಟ್ಟಿಯನ್ನು ಅತ್ತಿತ್ತ ಬೀಸಿದರೆ ಫೀಲ್ಡರ್‌ಗಳು ಜಾಗ ಬದಲಿಸುತ್ತಿದ್ದರು. ಐದು ಬಾರಿ ವಿಶ್ವ ಸರಣಿ (ಅಮೆರಿಕದ ಬೇಸ್‌ಬಾಲ್ ಋತುವಿನ ಅಂತಿಮ ಹಣಾಹಣಿ) ಗೆದ್ದ ಅವರು ಮ್ಯಾನೇಜರ್ ಆಗಿ ಇಡೀ ವೃತ್ತಿಯಲ್ಲಿ ಗೆದ್ದ ಪಂದ್ಯಗಳು 3,731, ಸೋತವು 3,948. ಇಷ್ಟು ಸೋತವರನ್ನು ಯಾವ ಮಾಲೀಕ ಉಳಿಸಿಕೊಳ್ಳುತ್ತಾನೆ? ಮಾಲೀಕರಲ್ಲಿ ಅವರೂ ಒಬ್ಬರಾಗಿದ್ದರು! ಆದರೆ ಅದೇ ಒಡೆತನ ಅವರ ಕೈಯಿಂದಲೇ ತಂಡವನ್ನು ಒಡೆಸಿತು. 1914ರಲ್ಲಿ ಫೈನಲ್‌ವರೆಗೆ ಹೋದ ತಂಡದ ಪ್ರಮುಖರನ್ನು ಸಂಬಳ ಭರಿಸಲಾಗದೆ ಕಳೆದುಕೊಂಡರು. ಮುಂದಿನ ಏಳು ಋತುಗಳಲ್ಲೂ ಕೊನೆಯ ಸ್ಥಾನ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮತ್ತೊಮ್ಮೆ ತಾರೆಗಳನ್ನು ಮಾರಿದರು. ತಂಡ ಯಾರದು ಎಂದು ಕೇಳಿದಿರಿ. ಹಣ ಹಾಕಿದವರದು. ಮ್ಯಾನೇಜರ್‌ಗೆ ಸೇರಿದ್ದು ಆ ದಿನದ ಪಂದ್ಯ ಮಾತ್ರ.

ಆ ಒಂದು ದಿನದ ಅಧಿಕಾರವನ್ನೂ ಕಪ್ಪು ಜನರಿಗೆ ಎಷ್ಟು ಕಾಲ ನಿರಾಕರಿಸಲಾಯಿತು ಎಂಬುದು ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ. ಜಾಕಿ ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ವರ್ಣಭೇದದ ಗೋಡೆ ಒಡೆದರು. ನಂತರ ಕಪ್ಪು ಆಟಗಾರರು ಓಡಿದರು, ಹೊಡೆದರು, ಪ್ರಶಸ್ತಿ ಗೆದ್ದುಕೊಟ್ಟರು; ತಂಡ ನಡೆಸುವ ಬುದ್ಧಿ ಅವರಿಗಿದೆಯೆಂದು ಒಪ್ಪಲು ಮಾತ್ರ ಮಾಲೀಕರು ಸಿದ್ಧರಿರಲಿಲ್ಲ. 1972ರ ಅಕ್ಟೋಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಗೌರವ ಸ್ವೀಕರಿಸಿದ ಜಾಕಿ, ಕಪ್ಪು ವ್ಯಕ್ತಿಯೊಬ್ಬ ತಂಡ ನಡೆಸುವುದನ್ನು ಕಂಡರೆ ಇನ್ನೂ ಸಂತೋಷವಾಗುತ್ತದೆ ಎಂದರು. ಒಂಬತ್ತು ದಿನಗಳಲ್ಲಿ ತೀರಿಕೊಂಡರು.

1975ರ ಏಪ್ರಿಲ್ 8ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಆ ದಿನ ಬಂತು. ಜಾಕಿಯವರ ಪತ್ನಿ ರೇಚಲ್ ಮೊದಲ ಚೆಂಡು ಎಸೆದರು. ಹೊಸ ಮ್ಯಾನೇಜರ್ ಫ್ರಾಂಕ್ ರಾಬಿನ್ಸನ್ (ಜಾಕಿಯವರ ಬಂಧುವಲ್ಲ) ಇನ್ನೂ ಆಟಗಾರರೂ ಆಗಿದ್ದರು. ಪಟ್ಟಿಯಲ್ಲಿ ಎರಡನೆಯ ಬ್ಯಾಟರ್ ಆಗಿ ತಮ್ಮದೇ ಹೆಸರು ಬರೆದರು. ಮೊದಲ ಇನಿಂಗ್ಸ್‌ನಲ್ಲೇ ಎದುರಾಳಿ ಯಾಂಕೀಸ್ ತಂಡದ ಪಿಚರ್ (ಚೆಂಡು ಎಸೆಯುವವರು) ಎಸೆದ ಚೆಂಡನ್ನು ಗೋಡೆಯಾಚೆ ಹೊಡೆದರು: ಕ್ರಿಕೆಟ್‌ನ ಸಿಕ್ಸರ್‌ನಂಥ ಹೋಮ್ ರನ್. ಪಂದ್ಯವೂ 5–3ರಿಂದ ಅವರದಾಯಿತು.

ಎರಡು ವರ್ಷದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆದರೆ ಅವರು 1981ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ, ಆಮೇಲೆ ಬಾಲ್ಟಿಮೋರ್‌ಗೆ ಮ್ಯಾನೇಜರ್ ಆದರು. ಕಪ್ಪು ಮ್ಯಾನೇಜರ್ ಒಬ್ಬರ ಕೈಯಲ್ಲಿ ವಿಶ್ವ ಸರಣಿ ಗೆಲ್ಲುವಷ್ಟು ಬಲವಾದ ತಂಡ ಬಂದದ್ದು ಇನ್ನೂ ತಡವಾಗಿ: 1992ರಲ್ಲಿ, ಸಿಟೊ ಗ್ಯಾಸ್ಟನ್ ಅವರಿಗೆ, ಟೊರೊಂಟೊದಲ್ಲಿ. ಮರುವರ್ಷವೂ ಅವರೇ ಗೆದ್ದರು.

— ಸಂ.