ಮಾದರಿ ವಿಮಾನದ 1 ಮೀಟರ್‌ನ ಬಾಲ್ಸಾ (ತುಂಬಾ ಹಗುರವಾದ ಮರ) ರೆಕ್ಕೆ 140 ಗ್ರಾಂ ತೂಗುತ್ತಿದೆ, ಮಳೆಗಾಲದಲ್ಲಿ ತಿರುಚಿಯೂ ಇದೆ. ಹಗುರ ಮಾಡುವುದು ಹೇಗೆ?

ನೀವು ಮುಲುಂಡ್‌ನ ಮನೆಯಲ್ಲಿ ಕಟ್ಟಿದ ರೆಕ್ಕೆ 1 ಮೀಟರ್ ಉದ್ದ, 15 ಸೆಂ.ಮೀ. ಅಗಲ ಇದೆ. ಎಡಗಡೆ ತುದಿ ತಿರುಚಿಕೊಂಡಿದೆ. ರಿಬ್‌ಗಳಲ್ಲಿ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳಲ್ಲಿ, ತೂತು ಕೊರೆದರೆ ತೂಕ ಇಳಿಯುತ್ತದಾ ಅಂತ ಕೇಳಿದ್ದೀರಿ.

ತೂತು ಕೊರೆಯಲು ಹೋಗಬೇಡಿ. ರೆಕ್ಕೆಯ ತೂಕ ನಿರ್ಧಾರ ಆಗುವುದು ಅಂಗಡಿಯಲ್ಲಿ, ಮರ ಆರಿಸುವಾಗಲೇ. ನಮ್ಮ ಡೊಂಬಿವಲಿ ಬಿಲ್ಡಿಂಗ್‌ನ ಕನ್ನಡದ ಹುಡುಗರಿಗೆ ಭಾನುವಾರ ವಿಮಾನ ಕಟ್ಟುವುದನ್ನು ಹೇಳಿಕೊಡುತ್ತೇನೆ. ಅವರ ಕೈಗೆ ಚಾಕು ಕೊಡುವ ಮೊದಲು ತಕ್ಕಡಿ ಕೊಡುತ್ತೇನೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಅಳತೆಯ ರೆಕ್ಕೆಗೆ 1.5 ಮಿ.ಮೀ. ದಪ್ಪದ ಒಂದು ರಿಬ್ ಸುಮಾರು ಕಾಲು ಗ್ರಾಂ. 15 ರಿಬ್ ಸೇರಿದರೂ 4 ಗ್ರಾಂ. ಎಷ್ಟೇ ತೂತು ಕೊರೆದರೂ 1 ಗ್ರಾಂ ಉಳಿತಾಯ ಆಗಬಹುದು ಅಷ್ಟೇ, ರಿಬ್ ಮುರಿಯುವ ಭಯ ಬೇರೆ. ಇನ್ನು ಮುಂದಿನ ಅಂಚಿಗೆ ಮೇಲೂ ಕೆಳಗೂ ಹೊದಿಸಿದ 1.5 ಮಿ.ಮೀ. ಬಾಲ್ಸಾ ಹಾಳೆ ನೋಡಿ. ತಲಾ 5 ಸೆಂ.ಮೀ. ಅಗಲ ಅಂದರೆ ಒಟ್ಟು 150 ಘನ ಸೆಂ.ಮೀ. ಮರ. ಹಗುರ ಬಾಲ್ಸಾ ಘನ ಸೆಂ.ಮೀ.ಗೆ 0.10 ಗ್ರಾಂ ತೂಗುತ್ತದೆ, ಮಧ್ಯಮ ಬಾಲ್ಸಾ 0.16. ಹಗುರದ್ದು ಹಾಕಿದರೆ 15 ಗ್ರಾಂ, ಇನ್ನೊಂದು ಹಾಕಿದರೆ 24 ಗ್ರಾಂ. ಒಂದೇ ಕಡೆ 9 ಗ್ರಾಂ ವ್ಯತ್ಯಾಸ!

ಬಾಲ್ಸಾ ಹೆಚ್ಚಾಗಿ ಎಕ್ವಡಾರ್‌ನಿಂದ ಬರುತ್ತದೆ. ಬಹಳ ಬೇಗ ಬೆಳೆಯುವ ಮರ. ಹಾಗಾಗಿ ಒಂದೇ ಕಟ್ಟಿನ ಎರಡು ಹಾಳೆಗಳ ತೂಕ ಒಂದೇ ಇರುವುದಿಲ್ಲ. ಅಂಗಡಿಗೆ ಚಿಕ್ಕ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಹೋಗಿ. ಸಂಕೋಚ ಪಡಬೇಡಿ. 1.5 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ಹಾಳೆ 14 ಗ್ರಾಂ ತೂಗಿದರೆ ತಕ್ಷಣ ತೆಗೆದಿಡಿ. 22 ಗ್ರಾಂ ಇದ್ದರೆ ರೆಕ್ಕೆಯ ಹೊದಿಕೆಗೆ ಬೇಡ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹಾಳೆಯ ತೂಕ ಎಷ್ಟು ಅಂತ ಮೊದಲೇ ಕೇಳಿ.

ತೂಕದ ಜೊತೆ ಮರದ ಎಳೆಯನ್ನೂ ನೋಡಬೇಕು. ಹಾಳೆಯ ಮೇಲೆ ಹೊಳೆಯುವ ಚುಕ್ಕೆ ಚುಕ್ಕೆ ಕಾಣುತ್ತಿದ್ದರೆ ಅದು ಸಿ ಗ್ರೇನ್. ಅಡ್ಡಕ್ಕೆ ಬಾಗುವುದಿಲ್ಲ, ಬಾಗಿಸಿದರೆ ಸೀಳುತ್ತದೆ. ರಿಬ್‌ಗೆ ಅದೇ ಸರಿ. ಉದ್ದುದ್ದ ಗೆರೆಗಳಿದ್ದು ಸುಲಭವಾಗಿ ಬಾಗುವುದು ಎ ಗ್ರೇನ್. ಮುಂದಿನ ಅಂಚನ್ನು ಸುತ್ತಿ ಹೊದಿಸಲು ಅದು ಬೇಕು.

ಗಟ್ಟಿ ಮರ ಬೇಕಾಗಿರುವುದು ಸ್ಪಾರ್‌ಗೆ, ಅಂದರೆ ರೆಕ್ಕೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಹೋಗುವ ಕಡ್ಡಿಗಳಿಗೆ ಮಾತ್ರ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಆಗ ಮೇಲಿನ ಸ್ಪಾರ್ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಒತ್ತಿಕೊಳ್ಳುವ ಸ್ಪಾರ್ ಸೊಟ್ಟಗಾಗಿ ಮುರಿಯುವುದೇ ಜಾಸ್ತಿ. ಆದ್ದರಿಂದ ಎರಡರಲ್ಲಿ ಗಟ್ಟಿಯಾದ ಕಡ್ಡಿಯನ್ನು ಮೇಲೆ ಹಾಕಿ. ಎರಡೂ ಸ್ಪಾರ್‌ಗಳ ನಡುವೆ ತೆಳು ಬಾಲ್ಸಾ ತುಂಡುಗಳನ್ನು ಎಳೆ ನೆಟ್ಟಗೆ ನಿಲ್ಲುವಂತೆ ಅಂಟಿಸಿ. ಇವಕ್ಕೆ ಶಿಯರ್ ವೆಬ್ ಅನ್ನುತ್ತಾರೆ. 3 ಗ್ರಾಂ ಮರದಿಂದ ಸಿಗುವ ಬಲ ನೋಡಿದರೆ ಆಶ್ಚರ್ಯ ಆಗುತ್ತದೆ. ಬಾಗುವ ಒತ್ತಡ ನಡುವೆ ಹೆಚ್ಚು, ತುದಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಡುವಿನಿಂದ ಅರ್ಧ ದೂರದವರೆಗೆ ವೆಬ್ ಹಾಕಿದರೆ ಸಾಕು. ತುದಿಗೆ ಸಿಕ್ಕಿದ್ದರಲ್ಲಿ ಅತಿ ಹಗುರ ಮರ ಇಟ್ಟುಕೊಳ್ಳಿ. ತುದಿ ಭಾರವಾದರೆ ವಿಮಾನ ಪಕ್ಕಕ್ಕೆ ವಾಲಿದ್ದು ಮತ್ತೆ ಏಳಲು ತಡ ಮಾಡುತ್ತದೆ.

ಇನ್ನು ತಿರುಚಿದ್ದು. ಇದು ನಮ್ಮ ಮುಂಬಯಿಯ ದೊಡ್ಡ ತೊಂದರೆ. ಗಾಳಿಯ ತೇವ ಶೇ 80ಕ್ಕೆ ಬಂದರೆ ಮರದೊಳಗಿನ ತೇವವೂ ಶೇ 16ರ ಹತ್ತಿರ ಬರುತ್ತದೆ. ಜುಲೈನಲ್ಲಿ ಇಲ್ಲಿ ಹಾಗೆ ಇಲ್ಲದ ದಿನವೇ ಕಡಿಮೆ. ಡಬ್ಬಿಯಿಂದ ಹೊರಗಿಟ್ಟ ಹಪ್ಪಳದ ಹಾಗೆ ಬಾಲ್ಸಾ ಮೆತ್ತಗಾಗುತ್ತದೆ, ತೂಕವೂ ಏರುತ್ತದೆ. ಅದರ ಮೇಲೆ ಫೆವಿಕಾಲ್‌ನಂತಹ ನೀರಿನ ಅಂಟನ್ನು ಧಾರಾಳವಾಗಿ ಹಚ್ಚಿದರೆ ಮರ ಒಂದು ಬದಿ ಉಬ್ಬಿ, ಒಣಗುವಾಗ ಎಳೆದುಕೊಳ್ಳುತ್ತದೆ. ರೆಕ್ಕೆಯನ್ನು ಅಷ್ಟರಲ್ಲೇ ಕಟ್ಟುವ ಬೋರ್ಡ್‌ನಿಂದ ಎತ್ತಿದ್ದರೆ ಮುಗಿಯಿತು, ತಿರುಚುತ್ತದೆ.

ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಕಟ್ಟಿಡಿ. ಹಳೆಯ ಫ್ಲಶ್ ಡೋರ್ ಸಿಕ್ಕಿದರೆ ಬಿಡಬೇಡಿ, ಅಷ್ಟು ಸಮತಟ್ಟಾದ ಬೋರ್ಡ್ ಬೇರೆ ಸಿಗುವುದಿಲ್ಲ. ಮೇಲಿನ ಬಾಲ್ಸಾ ಹಾಳೆ ಅಂಟಿಸುವವರೆಗೂ ರೆಕ್ಕೆ ಅದರ ಮೇಲೆ ಪಿನ್‌ನಲ್ಲೇ ಇರಲಿ. ಮಳೆಗಾಲದಲ್ಲಿ ನೀರಿನ ಅಂಟಿಗೆ ಒಂದು ಇಡೀ ರಾತ್ರಿ ಬೇಕು. ತೆಳುವಾದ ಸೂಪರ್ ಗ್ಲೂ ಬಳಸಿದರೆ ಗಾಳಿಯ ತೇವ ಅನುಕೂಲವೇ, ಅದು ತೇವದಿಂದಲೇ ಬೇಗ ಗಟ್ಟಿಯಾಗುತ್ತದೆ. ಆದರೆ ತುಂಡುಗಳು ಸಂದಿಲ್ಲದೆ ಕೂತಿರಬೇಕು, ಒಂದು ಹನಿ ಸಾಕು. ಕಿಟಕಿ ತೆರೆದಿಡಿ, ಹೊಗೆ ಕಣ್ಣು ಉರಿಸುತ್ತದೆ. ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ರೆಕ್ಕೆಯ ನಡುವಿನ ಜೋಡಣೆಗೆ ಮಾತ್ರ.

ಎಲ್ಲದರ ಮೇಲಿನ ಹೊದಿಕೆಗೆ ಟಿಶ್ಯೂ ಕಾಗದ ಮತ್ತು ಡೋಪ್ (ಕಾಗದವನ್ನು ಬಿಗಿ ಮಾಡುವ ವಾರ್ನಿಷ್) ನನಗೆ ಬಹಳ ಇಷ್ಟ. ಆದರೆ ಈ ಹವೆಯಲ್ಲಿ ಡೋಪ್ ಬಿಳಿಚಿಕೊಳ್ಳುತ್ತದೆ, ಕಾಗದ ಸಡಿಲವಾಗುತ್ತದೆ. ನೀವು ಫಿಲ್ಮ್ ಹಾಕಿ, ಅಂದರೆ ಬಿಸಿ ಕೊಟ್ಟರೆ ಬಿಗಿಯಾಗುವ ಪ್ಲಾಸ್ಟಿಕ್ ಹಾಳೆ. ಕೊಳ್ಳುವಾಗ ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ ಕೇಳಿ. ನಿಮ್ಮ ರೆಕ್ಕೆಯ ಎರಡೂ ಬದಿ ಸೇರಿ 0.3 ಚದರ ಮೀಟರ್. 60 ಗ್ರಾಂನ ಫಿಲ್ಮ್ ಆದರೆ 18 ಗ್ರಾಂ, 30 ಗ್ರಾಂನದ್ದಾದರೆ 9.

ಇಷ್ಟು ನೋಡಿಕೊಂಡರೆ ಇದೇ ಅಳತೆಯ ರೆಕ್ಕೆ 75-80 ಗ್ರಾಂಗೆ ಬರುತ್ತದೆ.

ಈಗಿರುವ ರೆಕ್ಕೆಯನ್ನು ಎಸೆಯಬೇಡಿ. ಫಿಲ್ಮ್ ಹೊದಿಸಿದ್ದೀರಿ ಅಲ್ವಾ? ಒಬ್ಬರು ರೆಕ್ಕೆಯನ್ನು ಉಲ್ಟಾ ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿಯಲಿ. ಇನ್ನೊಬ್ಬರು ಮೇಲೂ ಕೆಳಗೂ ಫಿಲ್ಮಿಗೆ ಬಿಸಿ ಕೊಡಲಿ. ಪೂರ್ತಿ ತಣಿಯುವವರೆಗೆ ಬಿಡಬೇಡಿ. ಎರಡೂ ತುದಿಗಳ ಹಿಂದಿನ ಅಂಚು 5 ಮಿ.ಮೀ. ಮೇಲಿದ್ದರೆ, ಅಂದರೆ ಸುಮಾರು 2 ಡಿಗ್ರಿ, ಒಳ್ಳೆಯದೇ. ನಿಧಾನವಾಗಿ ಹಾರುವಾಗ ತುದಿ ಮೊದಲು ಎತ್ತುವ ಬಲ ಕಳೆದುಕೊಳ್ಳುವುದಿಲ್ಲ. ಎಡ ಬಲ ಒಂದೇ ಸಮ ಇರಬೇಕು ಅಷ್ಟೇ. ಹೊಸ ರೆಕ್ಕೆಗೆ ಹಾಳೆ ತಂದ ಮೇಲೆ ಒಂದೊಂದರ ತೂಕ ಬರೆದು ಇಲ್ಲೇ ಹಾಕಿ. ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಳುತ್ತೇನೆ.