ಅಮೆರಿಕ ಅಧ್ಯಕ್ಷರ ಭಾಷಣಗಳ ಪದ ಎಣಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಾಫ್ಟ್‌ವೇರ್ ಯಾವುದಾದರೂ ಆದೀತು. ಜಾರ್ಜ್ ವಾಷಿಂಗ್ಟನ್‌ನಿಂದ ಇಲ್ಲಿಯವರೆಗಿನ ಸ್ಟೇಟ್ ಆಫ್ ದಿ ಯೂನಿಯನ್ ಭಾಷಣಗಳನ್ನೆಲ್ಲ (ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಅಧ್ಯಕ್ಷರು ವರ್ಷಕ್ಕೊಮ್ಮೆ ಕೊಡುವ ದೇಶದ ಸ್ಥಿತಿಯ ವರದಿ) ಒಂದೇ ಕಡತದಲ್ಲಿ ಸೇರಿಸಿದ್ದೇನೆ ಎಂದಿದ್ದೀರಲ್ಲ, ನನಗೆ ಭಯವಾದದ್ದು ಆ ಮಾತು ಓದಿ.

ಪಿಎಚ್‌.ಡಿ.ಗೆ ನಾನು ಮಾಡಿದ್ದೂ ಅದನ್ನೇ. ಪದ ಎಣಿಸಿ ಗ್ರಾಫ್ ಎಳೆದೆ. 20ನೇ ಶತಮಾನದ ಆರಂಭದಲ್ಲಿ ಇಪ್ಪತ್ತು ಸಾವಿರ ಪದ ದಾಟುತ್ತಿದ್ದ ಗೆರೆ 1913ಕ್ಕೆ ದಿಢೀರನೆ ಕುಸಿಯಿತು. ಅಧ್ಯಕ್ಷರು ಜನಪ್ರಿಯತೆಗಾಗಿ ವಿಚಾರವನ್ನು ತೆಳುವಾಗಿಸಿದರು ಎಂದು ಇಡೀ ಒಂದು ಅಧ್ಯಾಯ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಇವುಗಳಲ್ಲಿ ಅಧ್ಯಕ್ಷರು ಬಾಯಿಬಿಟ್ಟು ಆಡಿದ್ದು ಎಷ್ಟು?"

ನನ್ನಲ್ಲಿ ಉತ್ತರವಿರಲಿಲ್ಲ. 1801ರಲ್ಲಿ ಜೆಫರ್ಸನ್, ಕಾಂಗ್ರೆಸ್ ಎದುರು ಅಧ್ಯಕ್ಷ ನಿಂತು ಮಾತಾಡುವುದರಲ್ಲಿ ರಾಜರ ಗತ್ತಿನ ವಾಸನೆ ಇದೆಯೆಂದು ವರದಿಯನ್ನು ಬರೆದು ಕಳಿಸಿದರು. ಟಾಫ್ಟ್‌ವರೆಗೂ ಎಲ್ಲರೂ ಹಾಗೇ ಮಾಡಿದರು. ಅದನ್ನು ಓದುತ್ತಿದ್ದದ್ದು ಗುಮಾಸ್ತ. 1913ರಲ್ಲಿ ವುಡ್ರೋ ವಿಲ್ಸನ್ ತಾವೇ ಹೋಗಿ ಮಾತಾಡಿದರು. ನನ್ನ ಗ್ರಾಫಿನಲ್ಲಿ ಕುಸಿದದ್ದು ವಿಚಾರವಲ್ಲ, ಬರೆದು ಕಳಿಸುವ ವರದಿ ಹೋಗಿ ಆಡುವ ಮಾತು ಬಂದಿತ್ತು, ಅಷ್ಟೇ. ಇನ್ನೂ ನೋವಾಗುವುದು ಏಕೆಂದರೆ ಸುಳಿವು ಕಣ್ಣೆದುರೇ ಇತ್ತು. ವಾಷಿಂಗ್ಟನ್ 1790ರಲ್ಲಿ ಆಡಿದ ಮೊದಲ ಭಾಷಣ ಸುಮಾರು 1,100 ಪದ ಮಾತ್ರ. ಅದು ನನ್ನ ವಾದಕ್ಕೆ ಹೊಂದಲಿಲ್ಲ, "ಆರಂಭದ ದಿನಗಳು" ಎಂದು ಪಕ್ಕಕ್ಕಿಟ್ಟೆ. ಹೊಂದದ ಅಂಕಿಯ ಬಳಿ ಒಂದು ದಿನ ಕೂತಿದ್ದರೆ ಸಾಕಿತ್ತು. ಅಧ್ಯಾಯ ಹೊಸದಾಗಿ ಬರೆಯಲು ಒಂದು ವರ್ಷ ಹೋಯಿತು.

ಹಾಗಾಗಿ ನನ್ನ ಅಭಿಪ್ರಾಯ ಖಡಾಖಂಡಿತ: ಎಣಿಸುವುದರಿಂದ ಶುರುಮಾಡಬೇಡಿ. ಒಂದು ಭಾಷಣ ಹಿಡಿಯಿರಿ, ಅದರ ಕರಡು ನೋಡಿ, ಧ್ವನಿಮುದ್ರಣವಿದ್ದರೆ ಕೇಳಿ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಡಿದ ಭಾಷಣದ ಟೈಪಾದ ಕರಡಿನಲ್ಲಿ "ವಿಶ್ವ ಇತಿಹಾಸದಲ್ಲಿ ಉಳಿಯುವ ದಿನ" ಎಂದಿತ್ತು. ಅವರು "ವಿಶ್ವ ಇತಿಹಾಸ"ವನ್ನು ಹೊಡೆದುಹಾಕಿ ಕೈಯಲ್ಲಿ "ಅಪಕೀರ್ತಿ" ಎಂಬರ್ಥದ ಪದ ಬರೆದರು. ಚರಿತ್ರೆಯ ದಾಖಲೆಯಾಗಿದ್ದ ಸಾಲು ಆಪಾದನೆಯಾಯಿತು. ನಿಮ್ಮ ಎಣಿಕೆಯಲ್ಲಿ ಇದು ಎರಡು ಪದದ ಜಾಗಕ್ಕೆ ಒಂದು ಬಂದಂತೆ.

ಎಣಿಸಲೇಬೇಕೆಂದರೆ, ಇವತ್ತೇ ಕಡತದಲ್ಲಿ "ಆಡಿದ್ದು / ಬರೆದದ್ದು" ಎಂಬ ಕಾಲಂ ಸೇರಿಸಿ. 1913ರ ನಂತರದ್ದೆಲ್ಲ ಆಡಿದ್ದು ಎಂದುಕೊಳ್ಳಬೇಡಿ. ಅಧ್ಯಕ್ಷ ಹೂವರ್ ತಮ್ಮ ನಾಲ್ಕೂ ವಾರ್ಷಿಕ ವರದಿಗಳನ್ನು ಬರೆದೇ ಕಳಿಸಿದರು. ಕಾರ್ಟರ್ 1981ರಲ್ಲಿ ಕಳಿಸಿದ ಬರಹ 33,000 ಪದ ದಾಟುತ್ತದೆ. ಅದೊಂದೇ ನಿಮ್ಮ ಸರಾಸರಿಯನ್ನು ಕೆಡಿಸುತ್ತದೆ.