ಮೇ ತಿಂಗಳಾಗ ಗೋಕಾಕ ಫಾಲ್ಸಿಗೆ ಬರೂದು ವರ್ತ್ ಐತೇನು?

ನಿಮ್ಮ ಪ್ರಶ್ನೆ ನಾ ತಿಳಕೊಂಡಿದ್ದು ಹಿಂಗ: ಬೆಂಗಳೂರಿಂದ ನಾಕು ಮಂದಿ ಗೆಳೆಯರು ಮೇ ಕೊನೀ ವಾರ ಗೋಕಾಕ ಫಾಲ್ಸಿಗೆ ಹೊಂಟೀರಿ, ಎರಡು ದಿನ ಟೈಮ್ ಐತಿ, ನದಿ ದಂಡಿಗೆ ಟೆಂಟ್ ಹಾಕಬೇಕು, ಈಜಬೇಕು, ಹತ್ರ ಎಲ್ಲೆರ ಟ್ರೆಕಿಂಗ್ ಇದ್ರ ಮಾಡಬೇಕು, ಇಷ್ಟ ದೂರ ಬರೂದು ವರ್ತ್ ಐತೋ ಇಲ್ಲೋ ಅಂತ. ನಾ ಅದ ಊರಾಗ ಬೆಳದಾಂವ್ರಿ. ನಮ್ಮಪ್ಪ ಮಿಲ್ಲಿನ್ಯಾಗ ಇದ್ರು, ಮಿಲ್ ಭೋಂಗಾ ಹೊಡದಾಗ ಎದ್ದು ಸಾಲಿಗೆ ಹೋದಾಂವ ನಾನು. ಈಗ ನೌಕರಿ ಸಲುವಾಗಿ ಬೆಳಗಾವ್ಯಾಗ ಇರ್ತೀನಿ, ಆದ್ರ ತಿಂಗಳಿಗೊಮ್ಮೆ ಊರ ಕಡೆ ಹೋಗೇ ಹೋಗ್ತೀನಿ.

ಮೇದಾಗ ಬಂದ್ರ ಫಾಲ್ಸ್ ಇರೂದಿಲ್ರಿ. ಕಲ್ಲು ಇರ್ತಾವ.

ಚ್ಯಾಷ್ಟಿ ಅಲ್ಲ. ನೀವು ನೋಡಿರೋ ಫೋಟೋ ಎಲ್ಲಾ ಜುಲೈ ಆಗಸ್ಟದ್ದು. ವರ್ಷಾ ಬ್ಯಾಸಗ್ಯಾಗ ದೂರದಿಂದ ಕಾರ್ ತಗೊಂಡು ಬಂದ ಮಂದಿ ಆ ಬಂಡಿ, ಅಂದ್ರ ಹಾಸುಗಲ್ಲಿನ ಮ್ಯಾಲ ನಿಂತು 'ಫಾಲ್ಸ್ ಎಲ್ಲೈತ್ರಿ' ಅಂತ ನಮ್ಮನ್ನ ಕೇಳ್ತಾರ, ನಾವು ಅವರ ಕಾಲ ಕೆಳಗ ತೋರಸ್ತೀವಿ, ಅವರ ಮಾರಿ ನೋಡಿ ಪಾಪ ಅನಸ್ತೈತಿ.

ಯಾಕ ಹಿಂಗ ಅಂದ್ರ, ಘಟಪ್ರಭಾ ಈಗ ತನ್ನ ಮನಸ್ಸಿಗೆ ಬಂದಂಗ ಹರಿಯೋ ನದಿ ಅಲ್ಲ. ಮ್ಯಾಲ ಹಿಡಕಲ್ ಡ್ಯಾಂ ಐತಿ, ಕಾಗದದ ಮ್ಯಾಲ ರಾಜಾ ಲಖಮಗೌಡ ಜಲಾಶಯ ಅಂತಾರ, 51 ಟಿಎಂಸಿ ಹಿಡೀತೈತಿ. ಅದರ ಕೆಳಗ ಧೂಪದಾಳದಾಗ ಇನ್ನೊಂದು ಒಡ್ಡು, ಅದು ಬ್ರಿಟಿಷರ ಕಾಲದ್ದು, 1897ರಾಗ ಕಟ್ಟಿದ್ದು. ಅಲ್ಲಿಂದ ಎಡದಂಡಿ ಕಾಲುವಿಗೆ ನೀರು ಹೊರಳತೈತಿ. ಅಂದ್ರ ಫಾಲ್ಸಿಗೆ ಬರೂ ಮೊದ್ಲ ನೀರು ಕಬ್ಬಿಗೆ, ಗೊಂಜಾಳಕ್ಕ, ಕುಡಿಯೂ ನೀರಿಗೆ ಹಂಚಿಕಿ ಆಗಿರ್ತೈತಿ. ಇದಕ್ಕ ನಾ ಬ್ಯಾಸರ ಮಾಡ್ಕೊಳಂಗಿಲ್ಲ, ನಮ್ಮ ಮಾವನ ಹೊಲಾನೂ ಅದ ನೀರಿನ ಮ್ಯಾಲ ಐತಿ. ನೋಡಾಕ ಬರೂ ಮಂದಿ ಇಷ್ಟು ತಿಳಕೊಂಡು ಬಂದ್ರ ಚಲೋ ಅಂತ ಹೇಳೂದು ಅಷ್ಟ.

ಹಂಗಾರ ಯಾವಾಗ ಬರಬೇಕು? ಜುಲೈ ಅರ್ಧ ದಾಟಿದ ಮ್ಯಾಲಿಂದ ಸೆಪ್ಟೆಂಬರ್ ತನಕ. ಕ್ಯಾಲೆಂಡರ್ ಒಂದ ನೋಡಿ ಟಿಕೆಟ್ ಬುಕ್ ಮಾಡಬ್ಯಾಡ್ರಿ, ಘಟ್ಟದಾಗ ಮಳಿ ಹೆಂಗ ಐತಿ ನೋಡ್ರಿ. ಅಂಬೋಲಿ ಕಡೆ ಒಂದ ಸಮನ ಹೊಡದ್ರ ಹಿರಣ್ಯಕೇಶಿ ತುಂಬಿ ಬಂದು ಘಟಪ್ರಭಾ ಸೇರತೈತಿ, ಆವಾಗ ಡ್ಯಾಂ ಗೇಟ್ ತಗೀದಿದ್ರೂ ಫಾಲ್ಸಿಗೆ ಜೀವ ಬರ್ತೈತಿ. ಹಿಡಕಲ್ ತುಂಬಿ ಗೇಟ್ ತಗದ್ರಂತೂ ಮುಗೀತು, ಇಡೀ ಜಿಲ್ಲಾದ ವಾಟ್ಸಾಪ್ ಗ್ರೂಪಿನ್ಯಾಗ ಎಷ್ಟು ಕ್ಯೂಸೆಕ್ ಬಿಟ್ರು ಅನ್ನೋದ ಮಾತು. ನಮ್ಮ ಕಡೆ ಜೂನಿನ್ಯಾಗ ಸಣ್ಣ ಹುಡುಗೂರಿಗೂ ಕ್ಯೂಸೆಕ್ ಅಂದ್ರ ಏನು ಗೊತ್ತಿರ್ತೈತಿ.

ಆವಾಗ ನೋಡಬೇಕ್ರಿ. ನದಿ ಅಲ್ಲೀತನಕ ಅಗಲ ಹಾಸು ಬಂಡಿ ಮ್ಯಾಲ ಸುಮ್ನ ಹರಕೋಂತ ಬಂದಿರ್ತೈತಿ, ಒಮ್ಮೆಲೆ ಕುದುರಿ ಲಾಳದ ಆಕಾರದಾಗ ಕಡದಂಗ 52 ಮೀಟರ್ ಕೆಳಗ ಬೀಳತೈತಿ. ಬಣ್ಣ ಬೆಳ್ಳಗ ಇರೂದಿಲ್ಲ, ಹಾಲಿನಂಥ ಜಲಪಾತ ಬೇಕಂದ್ರ ಬ್ಯಾರೆ ಕಡೆ ಹೋಗ್ರಿ. ಇದು ಕಡಕ್ ಚಹಾದ ಬಣ್ಣ, ಮ್ಯಾಲಿನ ಮಣ್ಣು ಪೂರಾ ತಗೊಂಡು ಬಂದಿರ್ತೈತಿ. ಕೆಳಗಿಂದ ತುಂತುರು ಎದ್ದು ಮ್ಯಾಲ ಬರ್ತೈತಿ, ಹತ್ತು ನಿಮಿಷ ನಿಂತ್ರ ಮಳಿ ಇಲ್ಲದ ಅಂಗಿ ತೊಯ್ತೈತಿ. ಸಣ್ಣಾಂವ ಇದ್ದಾಗ ನೀರು ಜೋರಿದ್ದ ರಾತ್ರಿ ನಮ್ಮ ಮನೀ ಕಿಟಕಿ ಗಾಜು ಜುಂ ಅಂತಿತ್ತು, ಅದ ಸಪ್ಪಳದಾಗ ಮಲಗಿ ರೂಢಿ ಆಗಿ, ಡಿಗ್ರಿಗೆ ಧಾರವಾಡ ಹಾಸ್ಟೆಲಿಗೆ ಹೋದಾಗ ಮೊದಲ ಎರಡು ವಾರ ನಿದ್ದಿ ಹತ್ತಲಿಲ್ಲ. ಇದನ್ನ ಕರ್ನಾಟಕದ ನಯಾಗರಾ ಅಂತ ಬೋರ್ಡ್ ಮ್ಯಾಲ, ವಿಡಿಯೋದಾಗ ಬರೀತಾರ. ಆಕಾರ ಹೋಲತೈತಿ ಖರೇ, ಆದ್ರ ನಮ್ಮ ಊರಿನ ನೀರಿಗೆ ಪರದೇಶದ ಹೆಸರು ಯಾಕ ಬೇಕೋ ನನಗ ತಿಳಿದಿಲ್ಲ.

ತೂಗು ಸೇತುವೆ ಬಗ್ಗೆ ಕೇಳೇ ಕೇಳ್ತೀರಿ. ಫಾಲ್ಸಿನ ನೆತ್ತಿ ಮ್ಯಾಲ ಈ ದಂಡಿಯಿಂದ ಆ ದಂಡಿಗೆ ಐತಿ, ಉದ್ದ 201 ಮೀಟರ್, ಬಂಡಿಯಿಂದ ಎತ್ತರ 14 ಮೀಟರ್. ಮಿಲ್ಲಿಗೆ ಹೋಗಿ ಬರೂ ಮಂದೀದು ಕಾಲದಾರಿ ಅದು, ನಮ್ಮಪ್ಪ ಡಬ್ಬಿ ಕೈಯಾಗ ಹಿಡಕೊಂಡು ಅದರ ಮ್ಯಾಲ ನಡದು ಬರೂದು ನನ್ನ ಕಣ್ಣಾಗ ಈಗೂ ಐತಿ. ಈಗ ಒಮ್ಮೆ ಬಿಡ್ತಾರ, ಒಮ್ಮೆ ಬಿಡಂಗಿಲ್ಲ, ನೀರು ಏರಿದಾಗ ಅಂತೂ ಬಂದ್ ಮಾಡ್ತಾರ. ಗೇಟ್ ಹಾಕಿದ್ರ ಸುಮ್ನ ವಾಪಸ್ ಬರ್ರಿ, ವಾಚ್‌ಮನ್ ಜೋಡಿ ಜಗಳ ಬ್ಯಾಡ, ಅಂವಾ ಅಲ್ಲೀ ಹುಡುಗನ, ಎಂಥೆಂಥಾ ಅಪಘಾತ ನೋಡಿರ್ತಾನ.

ಮಿಲ್ ಅಂದ್ನೆಲ್ಲ, ಊರು ಅಂತ ಆಗಿದ್ದ ಆ ಮಿಲ್ಲಿನ ಸಲುವಾಗಿ. ಬೀಳೂ ನೀರಿನ ಬಲದಿಂದ ಅರಳಿ ನೂಲೂ ಯಂತ್ರ ತಿರುಗಸಬೇಕು ಅಂತ ಇಂಗ್ಲಿಷರ ಕಂಪನಿ ಇಲ್ಲಿ ಬಂತು, 1887ರಿಂದ ನೀರಿನ ಬಲದ ಕೆಲಸ ನಡದೈತಿ. ಶಿವನಸಮುದ್ರದ ಕರೆಂಟ್ 1902ರದ್ದು, ಅಂದ್ರ ಲೆಕ್ಕಾ ಹಾಕ್ರಿ. ಏಷ್ಯಾಕ್ಕ ಮೊದಲನೇ ಕರೆಂಟ್ ನಮ್ಮೂರಾಗ ಹುಟ್ಟೇತಿ ಅಂತ ಊರಾಗಿನ ಹಿರಿಯಾರು ಕಟ್ಟಿ ಮ್ಯಾಲ ಕುಂತು ಹೇಳ್ತಾರ, ಅವರ ಮುಂದ ನೀವು ವಾದ ಮಾಡಬ್ಯಾಡ್ರಿ, ಚಹಾ ಸಿಗೂದು ತಪ್ಪತೈತಿ. ಪವರ್ ಹೌಸ್ ಕೆಳಗ ಕಮರಿಯೊಳಗ ಐತಿ, ಅಲ್ಲಿಗೆ ಪರ್ಮಿಶನ್ ಇಲ್ಲದ ಬಿಡಂಗಿಲ್ಲ.

ಈಗ ಈಜು. ಬ್ಯಾಡ. ಮಳಿಗಾಲದಾಗೂ ಬ್ಯಾಡ, ಮಳಿ ಹಿಂದಾದ ಮ್ಯಾಲ ಅಂತೂ ಬ್ಯಾಡ ಬ್ಯಾಡ. ನೀರು ಜೋರಿದ್ದಾಗ ಯಾರೂ ಇಳಿಯಂಗಿಲ್ಲ, ಅಂಜಕಿ ಇರ್ತೈತಿ. ಮೊಣಕಾಲ ಮಟ ನೀರಿದ್ದಾಗ ಮಂದಿ ಮೋಸ ಹೋಗ್ತಾರ. ನಾ ಎಂಟನೇತ್ತಾ ಇದ್ದಾಗ ದಸರಾ ಸೂಟಿ, ನಾನು ನನ್ನ ದೋಸ್ತ ಇಬ್ಬರೂ ಬಂಡಿ ಮ್ಯಾಲ ಆಡಾಕ ಹೋಗಿದ್ವಿ, ಅವನದೊಂದು ಚಪ್ಪಲ್ ಹರಿಯೂ ನೀರಾಗ ಹೋತು, ಹೊಸಾ ಚಪ್ಪಲ್, ಮನ್ಯಾಗ ಬಡಿತಾರ ಅಂತ ಅದನ್ನ ಹಿಡ್ಯಾಕ ಓಡಿದಾಂವ ಹಾವಸಿ ಮ್ಯಾಲ ಕಾಲಿಟ್ಟ. ಹಾವಸಿ ಅಂದ್ರ ಪಾಚಿ. ಕುಂತ ಕುಂತಲ್ಲೇ ಜಾರಕೋಂತ ಹೋಗಿ ಒಂದು ಗುಂಡಿಯೊಳಗ ಸಿಕ್ಕೊಂಡ, ಗುಂಡಿ ಇತ್ತಂತ ಉಳದ, ಅದರಾಚೆ ಇನ್ನೊಂದಿಷ್ಟು ದೂರಕ್ಕ ಅಂಚು. ನನಗ ಚೀರಾಕೂ ಬರಲಿಲ್ಲ. ಬಟ್ಟಿ ಒಗ್ಯಾಕ ಬಂದಿದ್ದ ಆಯಿ ಒಬ್ಬಾಕಿ ತೊಯ್ದ ಸೀರಿ ಹಿಂಡಿ ಒಗದು, ಇನ್ನಿಬ್ಬರು ಹೆಂಗಸರ ಜೋಡಿ ಅವನ್ನ ಜಗ್ಗಿ ತಗದ್ಲು. ತಗದ ಮ್ಯಾಲ ಇಬ್ಬರಿಗೂ ಒಂದೊಂದು ಕಪಾಳಕ್ಕ ಕೊಟ್ಲು. ಅವನ ಮಣಿಕಟ್ಟು ಮುರದಿತ್ತು, ಇವತ್ತಿಗೂ ಥಂಡಿಯೊಳಗ ನೋಯ್ತೈತಿ ಅಂತಾನ. ಕಲ್ಲಿನ ಮ್ಯಾಲ ಬೆಳದ ನಮಗ ಹಿಂಗಾದ್ರ ಮೊದಲ ಸಲ ಬರೂ ನೀವು, ಅದೂ ಸೆಲ್ಫಿ ತಗ್ಯಾಕ ಹಿಂದ ಹಿಂದ ಸರಿಯೂ ಮಂದಿ, ಏನು ಹೇಳ್ಲಿ.

ಟೆಂಟೂ ಅಷ್ಟ. ನದಿಯೊಳಗಿನ ಬಂಡಿ ಸಪಾಟ ಐತಿ, ನೋಡಿದ್ರ ಇಲ್ಲೇ ಮಲಗಬೇಕು ಅನಸ್ತೈತಿ, ಆದ್ರ ಮಳಿಗಾಲದಾಗ ನಿಮ್ಮ ತಲಿ ಮ್ಯಾಲ ಒಂದು ಹನಿ ಬೀಳದಿದ್ರೂ ಘಟ್ಟದಾಗ ಬಿದ್ದ ನೀರು ರಾತ್ರೋರಾತ್ರಿ ಬರ್ತೈತಿ. 2019ರ ಆಗಸ್ಟಿನ್ಯಾಗ ಲೋಳಸೂರ ಪೂಲ ಮುಳಗಿ ಗೋಕಾಕ ಪ್ಯಾಟಿ ಒಳಗ ನೀರು ನುಗ್ಗಿದ್ದು ನೀವು ಟಿವ್ಯಾಗ ನೋಡಿರಬೇಕು. ನಾ ಅವತ್ತು ಬೆಳಗಾವ್ಯಾಗ ಸಿಕ್ಕೊಂಡಿದ್ದೆ, ನಮ್ಮವ್ವ ಫೋನಿನ್ಯಾಗ 'ಏನ ಆಗಿಲ್ಲ, ನೀ ಉಂಡಿ ಇಲ್ಲೋ' ಅಂತ ಅದನ್ನ ಕೇಳ್ತಿದ್ಲು, ಹಿಂದಿನ ಸಪ್ಪಳದಾಗ ಆಕಿ ಮಾತ ಕೇಳಸ್ತಿರಲಿಲ್ಲ. ಅದಕ ರಾತ್ರಿ ವಸ್ತಿ ಗೋಕಾಕದಾಗ ಮಾಡ್ರಿ, ಫಾಲ್ಸಿಂದ ಆರು ಕಿಲೋಮೀಟರ್, ಸಾದಾ ಲಾಡ್ಜ್ ಸಿಗ್ತಾವ. ಎಸಿ, ಬಫೆ ಅದೂ ಇದೂ ಬೇಕಂದ್ರ ಬೆಳಗಾವಿಯೊಳಗ ಇರ್ರಿ, ಅರವತ್ತು ಚಿಲ್ಲರೆ ಕಿಲೋಮೀಟರ್.

ನಡೆಯೂ ಹುಚ್ಚು ಇದ್ದವರಿಗೆ ಎರಡನೇ ದಿನ ಗೊಡಚಿನಮಲ್ಕಿ. ನನ್ನ ಕೇಳಿದ್ರ ಗೋಕಾಕ ಫಾಲ್ಸಿಗಿಂತ ಇದ ಒಂದು ಕೈ ಮ್ಯಾಲ, ಊರಾಗ ಈ ಮಾತು ಹೇಳಿದ್ರ ಬೈತಾರ. ಅದು ಮಾರ್ಕಂಡೇಯ ನದೀದು, ಎರಡು ಹಂತದಾಗ ಬೀಳತೈತಿ, ಮೊದಲು 25 ಮೀಟರ್, ಒಂದಿಷ್ಟು ಹರದು ಮತ್ತ 18 ಮೀಟರ್. ಊರಿಂದ ಕುರುಚಲ ಗಿಡದ ನಡುವ ನಡಕೋಂತ ಹೋಗಬೇಕು, ಮಳಿಗಾಲದಾಗ ಕೆಸರು ಪಾದ ಬಿಡಂಗಿಲ್ಲ, ಶೂಸ್ ಸೋಲ್ ಸವದಿದ್ರ ಬದಲ ಮಾಡಿ ಬರ್ರಿ. ಊಟ ಕಟಕೊಂಡು ಹೋಗ್ರಿ, ಅಲ್ಲೇನೂ ನಂಬಾಕ ಬರಂಗಿಲ್ಲ. ಗೋಕಾಕದ ಹತ್ರ ಯೋಗಿಕೊಳ್ಳ ಅಂತ ಇನ್ನೊಂದು ಐತಿ, ಗುಡ್ಡದ ಸಂದ್ಯಾಗ ಗುಡಿ, ಮುಂಜಾನೆ ಹೋಗಿ ಮಧ್ಯಾಹ್ನಕ್ಕ ಬರಬಹುದು. ಆದ್ರ ಸಹ್ಯಾದ್ರಿ ಟ್ರೆಕ್ ಮಾಡಿದವರು ನೀವು, ಇದನ್ನ ಟ್ರೆಕ್ ಅಂದ್ರ ನಗ್ತೀರಿ, ನಾವು 'ಗುಡ್ಡ ಹತ್ತೂದು' ಅಂತೀವಿ ಅಷ್ಟ. ಚಳಿಗಾಲಕ್ಕ ಬಂದ್ರ ಧೂಪದಾಳದ ಹಿನ್ನೀರಿಗೆ ಹೋಗ್ರಿ, 1974ರಿಂದ ಅದು ಘಟಪ್ರಭಾ ಪಕ್ಷಿಧಾಮ, ಕರ್ಕರ ಕೊಕ್ಕರೆ ಪರದೇಶದಿಂದ ಹಿಂಡುಗಟ್ಟಲೆ ಬರ್ತಾವ. ಆವಾಗ ಫಾಲ್ಸಿನ್ಯಾಗ ನೀರು ಕಡಿಮಿ, ಎರಡೂ ಒಮ್ಮೆ ಸಿಗೂದು ಕಷ್ಟ.

ಆಫೀಸಿನ್ಯಾಗ ಸೂಟಿ ಮೇದಾಗ ಅಷ್ಟ ಸಿಗ್ತೈತಿ, ಬದಲ ಮಾಡಾಕ ಬರಂಗಿಲ್ಲ ಅಂದ್ರ? ಬರ್ರಿ, ಆದ್ರ ಫಾಲ್ಸ್ ನೋಡಾಕ ಅಂತ ಬರಬ್ಯಾಡ್ರಿ, ಬಂಡಿ ನೋಡಾಕ ಬರ್ರಿ. ಮುಂಜಾನೆ ಆರಕ್ಕ ಅಲ್ಲಿರಬೇಕು, ಒಂಬತ್ತರ ಮ್ಯಾಲ ಕಲ್ಲು ಹಂಚಿನಂಗ ಕಾಯ್ತೈತಿ. ಸಾವಿರಾರು ವರ್ಷ ನೀರು ತಿರುಗಿ ತಿರುಗಿ ಕೊರದ ಗುಂಡಿ ಆವಾಗ ಪೂರಾ ಕಾಣ್ತಾವ, ಕೆಲವು ಹರಿವಿಯಷ್ಟು, ಕೆಲವದರಾಗ ಆಳು ನಿಂದರಬಹುದು, ತಳದಾಗ ಗುಂಡನ್ನ ಕಲ್ಲು ಇನ್ನೂ ಇರ್ತಾವ. ದಂಡಿಗೆ ಚಾಲುಕ್ಯರ ಕಾಲದ ಗುಡಿ ಅದಾವ, ಮಹಾಲಿಂಗೇಶ್ವರ ಗುಡಿ ಅವುಗಳ ಪೈಕಿ ದೊಡ್ಡದು, ನೀರಿದ್ದಾಗ ಯಾರೂ ಅದರ ಕಡೆ ಹೊಳ್ಳಿ ನೋಡಂಗಿಲ್ಲ, ಬ್ಯಾಸಗ್ಯಾಗ ಅದಕ್ಕ ಟೈಮ್ ಸಿಗ್ತೈತಿ. ಆ ನೆರಳಾಗ ಕುಂತು ಖಾಲಿ ನದಿ ನೋಡೂದು ನನಗ ಇಷ್ಟ, ನಿಮಗ ಇಷ್ಟ ಆಗ್ತೈತಿ ಅಂತ ಗ್ಯಾರಂಟಿ ಕೊಡಂಗಿಲ್ಲ. ಅಂಚಿನ ಹತ್ರ ಒಣಗಿದ್ರೂ ಹೋಗಬ್ಯಾಡ್ರಿ.

ಒಂದು ಮಾತು, ಬಂದ ಮ್ಯಾಲ ಅಲ್ಲಿ ಯಾರನ್ನೂ 'ಗೋಕಾಕ ಚಳವಳಿ ಆಗಿದ್ದು ಎಲ್ಲಿ' ಅಂತ ಕೇಳಬ್ಯಾಡ್ರಿ. ನನ್ನ ಬೆಂಗಳೂರ ಸಹೋದ್ಯೋಗಿಗಳು ಎಲ್ಲಾರೂ ಕೇಳ್ಯಾರ. ಆ ಹೆಸರು ಬಂದಿದ್ದು ವಿ.ಕೃ. ಗೋಕಾಕರ ವರದಿಯಿಂದ, ಅವರು ಹುಟ್ಟಿದ್ದು ಸವಣೂರಾಗ.

ಬರೂದು ಹೆಂಗ ಅಂದ್ರ, ಬೆಳಗಾವಿ ಮಿರಜ ಲೈನಿನ ಮ್ಯಾಲ ಘಟಪ್ರಭಾ ಸ್ಟೇಷನ್ ಹತ್ರ ಆಗ್ತೈತಿ, ಅಲ್ಲಿಂದ ಬಸ್, ಟಂಟಂ ಸಿಗ್ತಾವ. ಕಾರ್ ತಂದ್ರ ಶ್ರಾವಣದ ರವಿವಾರ ಬಿಟ್ಟು ಬರ್ರಿ, ಪಾರ್ಕಿಂಗಿಗೆ ಒಂದು ತಾಸು ಹೋಗ್ತೈತಿ. ಮಳಿಯೊಳಗ ನಿಂತು ಸುಟ್ಟ ಗೊಂಜಾಳ ತೆನಿ ತಿನ್ರಿ, ಉಪ್ಪು ಖಾರ ನಿಂಬಿಹಣ್ಣು ತಿಕ್ಕಿ ಕೊಡ್ತಾರ. ಮಿರ್ಚಿ ಭಜಿ ಗಿರ್ಮಿಟ್ ಇದ್ದ ಇರ್ತೈತಿ.

ಕರದಂಟು ಫಾಲ್ಸಿನ ಮುಂದ ತಗೋಬ್ಯಾಡ್ರಿ, ಗೋಕಾಕ ಪ್ಯಾಟಿಗೆ ಹೋಗಿ ತಗೋರಿ. ಅಂಟು ಕರದು, ಬೆಲ್ಲದ ಪಾಕಕ್ಕ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ ಹಾಕಿ ಮಾಡಿರ್ತಾರ, ಮೊದ್ಲು ಒಂದು ತುಂಡು ಬಾಯಾಗ ಹಾಕ್ಕೊಂಡು ನೋಡ್ರಿ, ಅಂಟು ಕಟುಂ ಅನ್ನಬೇಕು, ಹಲ್ಲಿಗೆ ಮೆತ್ತಿಕೊಂಡ್ರ ಬ್ಯಾರೆ ಅಂಗಡಿಗೆ ನಡೀರಿ. ಅಮೀನಗಡದ್ದು ಚಲೋನೋ ಗೋಕಾವಿದು ಚಲೋನೋ ಅಂತ ಮಾತ್ರ ಅಂಗಡ್ಯಾಗ ನಿಂತು ಕೇಳಬ್ಯಾಡ್ರಿ.